ಟೇಪು ಯಾರ ಕೈಯಲ್ಲಿದೆ?

ಕೆಂಗೇರಿಯ ಬಳಿ ವೃಷಭಾವತಿ ನೊರೆಯುಕ್ಕಿ ಹರಿಯುವಾಗಲೆಲ್ಲ ‘ಕೋರ್ಟಿದೆಯಲ್ಲ, ನೋಡಿಕೊಳ್ಳಲಿ’ ಎನ್ನುವವರಿದ್ದಾರೆ. ಆ ದಾರಿ ಎಲ್ಲಿಗೆ ಮುಟ್ಟುತ್ತದೆಂದು ಒಮ್ಮೆ ನೋಡಿಯಾಗಿದೆ. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್, ದೊಡ್ಡ ರಾಜಕಾಲುವೆಗಳ ಪಕ್ಕ 50 ಮೀಟರ್ ಜಾಗ ಬಿಡಬೇಕೆಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಕಾನೂನಿನ ಬಲವಿರುವ ನಗರ ಯೋಜನೆಯ ಅಳತೆಯನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗಿಲ್ಲ ಎಂಬುದು ಅದರ ತರ್ಕ. ಅಂದಮೇಲೆ ಟೇಪು ಇರುವುದು ಕಾನೂನು ಮಾಡುವವರ ಕೈಯಲ್ಲೇ. 2025ರ ಆಗಸ್ಟ್‌ನಲ್ಲಿ ಅವರು ಅದನ್ನು ಹಿಡಿದದ್ದೂ ಹೌದು, ಮೊಟಕು ಮಾಡಲು: ಕೆರೆಗಳ ಸುತ್ತಲಿನ 30 ಮೀಟರ್ ಅಂಚನ್ನು ವಿಸ್ತೀರ್ಣಕ್ಕೆ ತಕ್ಕಂತೆ ಇಳಿಸುವ ತಿದ್ದುಪಡಿ ಮಸೂದೆಗೆ ಒಪ್ಪಿಗೆ ಕೊಟ್ಟರು.

ಚಿಕ್ಕ ಕೆರೆಗೆ ಚಿಕ್ಕ ಅಂಚು ಎಂದರೆ ಕೇಳಲು ನ್ಯಾಯವೆನಿಸುತ್ತದೆ. ಆದರೆ ಈ ಊರಿನ ಕೆರೆಗಳು ಸರಪಳಿಯಂತಿವೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಮೇಲಿನ ಪುಟ್ಟ ಕಟ್ಟೆ ಮುಚ್ಚಿಹೋದಮೇಲೆ ಕೆಳಗಿನ ದೊಡ್ಡ ಕೆರೆಗೆ ಪೂರಾ 30 ಮೀಟರ್ ಬಿಟ್ಟೂ ಏನು ಬಂತು? ಸಾಲ ಮಾಡಿ ಸೈಟು ಕೊಂಡವರ ಪಾಡೇನು ಎಂಬ ಪ್ರಶ್ನೆ ಹುಸಿಯಲ್ಲ. ಮಂಜೂರಾದ ನಕ್ಷೆಯಂತೆ ಕಟ್ಟಿಕೊಂಡವರಿಗೆ ಪರಿಹಾರವನ್ನೋ ವಿನಾಯಿತಿಯನ್ನೋ ಕಾನೂನಿನಲ್ಲೇ ಬರೆಯಬಹುದು. ಅದಕ್ಕಾಗಿ ಇನ್ನೂ ಖಾಲಿಯಿರುವ ಅಂಚನ್ನು ಬಿಲ್ಡರುಗಳಿಗೆ ಬಿಟ್ಟುಕೊಡಬೇಕಿಲ್ಲ. ರಾಜಾಜಿನಗರ, ವಿಜಯನಗರ, ಯಶವಂತಪುರ (ಕೆಂಗೇರಿ ಬರುವುದು ಇದರಲ್ಲೇ) ಕ್ಷೇತ್ರಗಳ ಮತದಾರರು ಚರಂಡಿ, ಡಾಂಬರಿನ ಜೊತೆಗೆ ತಮ್ಮ ಶಾಸಕರನ್ನು ಇದನ್ನೂ ಕೇಳಲಿ: ನೀವು ಎಷ್ಟು ಮೀಟರಿನ ಕಡೆ?