ಸೋತ ವಕೀಲನ ಮಾತು

‘ಟಿ.ವಿ. ನೋಡಿ ನೋಡಿ ಹುಡುಗ ಹಾಳಾದ ಸಾರ್’ ಎಂದು ದೂರುವ ತಂದೆ ತಾಯಂದಿರಿಗೆ ನಾನು ಸೋನಿಯಾ ಸೊಟೊಮೇಯರ್ ಎಂಬ ಅಮೆರಿಕದ ವಕೀಲೆಯ ಕಥೆ ಹೇಳುವುದುಂಟು.

1954ರಲ್ಲಿ ಹುಟ್ಟಿದ ಈಕೆ ಬೆಳೆದದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಏಳನೇ ವಯಸ್ಸಿಗೇ ಸಕ್ಕರೆ ಕಾಯಿಲೆ, ದಿನವೂ ಇನ್ಸುಲಿನ್ ಚುಚ್ಚುಮದ್ದು. ಒಂಬತ್ತಕ್ಕೆ ತಂದೆ ತೀರಿಕೊಂಡರು. ಪತ್ತೇದಾರಿಕೆ ಮಾಡುವ ಆಸೆಗೆ ಕಾಯಿಲೆ ಅಡ್ಡ ಬಂತು. ಆಗ ಮನಸ್ಸನ್ನು ಹಿಡಿದದ್ದು ‘ಪೆರ್ರಿ ಮೇಸನ್’ ಎಂಬ ಕೋರ್ಟಿನ ಧಾರಾವಾಹಿ. 1957ರಿಂದ 1966ರವರೆಗೆ ಪ್ರಸಾರವಾಯಿತು.

ಅದರಲ್ಲಿ ಮೇಸನ್‌ಗೆ ಗೆಲುವು, ಸರ್ಕಾರಿ ವಕೀಲ ಬರ್ಗರ್‌ಗೆ ಹೆಚ್ಚುಕಡಿಮೆ ಪ್ರತಿವಾರವೂ ಸೋಲು. ಆದರೆ ಆಕೆಯ ಮನಸ್ಸಿನಲ್ಲಿ ಉಳಿದದ್ದು ಸೋತ ಬರ್ಗರ್‌ನ ಮಾತು: ತಪ್ಪಿತಸ್ಥನಿಗೆ ಶಿಕ್ಷೆಯಾದರೂ ನ್ಯಾಯವೇ, ನಿರಪರಾಧಿ ಬಿಡುಗಡೆಯಾದರೂ ನ್ಯಾಯವೇ. 1979ರಲ್ಲಿ ಆಕೆಯೂ ಸರ್ಕಾರಿ ವಕೀಲೆಯಾದರು. 2009ರಲ್ಲಿ ಸುಪ್ರೀಂ ಕೋರ್ಟಿಗೆ ನೇಮಕವಾಗುವ ಮುನ್ನ ಸೆನೆಟ್ ಸಮಿತಿಯ ಎದುರು ಈ ಧಾರಾವಾಹಿಯನ್ನು ನೆನೆದರು. ಅದರ ಇನ್ನೊಬ್ಬ ಅಭಿಮಾನಿ, ಸೆನೆಟರ್ ಅಲ್ ಫ್ರಾಂಕೆನ್, ‘ಬರ್ಗರ್ ಗೆದ್ದ ಒಂದು ಕೇಸು ಯಾವುದು?’ ಎಂದು ಕೇಳಿದರು. ನ್ಯಾಯಮೂರ್ತಿಗಳಿಗೆ ನೆನಪಾಗಲಿಲ್ಲ!

ಪ್ರಯೋಗಶಾಲೆಯಲ್ಲಿ ನಾನು ಮಕ್ಕಳಿಗೆ ಹೇಳುವುದೂ ಬರ್ಗರ್‌ನ ಮಾತನ್ನೇ. ಊಹೆ ಸುಳ್ಳಾದರೆ ಪ್ರಯೋಗ ಸೋತಂತಲ್ಲ, ನಿಜ ತಿಳಿದಂತೆ. ಆದರೂ ಪುಸ್ತಕದ ಉತ್ತರಕ್ಕೆ ಹೊಂದುವಂತೆ ರೀಡಿಂಗ್ ತಿದ್ದುವ ಹುಡುಗರು ಪ್ರತಿವರ್ಷವೂ ಸಿಗುತ್ತಾರೆ. ಅಂಕ ಹೋದೀತೆಂಬ ಹೆದರಿಕೆ ಅವರದು.

ಟಿ.ವಿ. ಆರಿಸುವ ಮೊದಲು ಮಗುವಿನ ಪಕ್ಕದಲ್ಲಿ ಒಂದರ್ಧ ಗಂಟೆ ಕುಳಿತುಕೊಳ್ಳಿ. ಯಾವ ಪಾತ್ರ ಇಷ್ಟ, ಯಾಕೆ ಇಷ್ಟ ಎಂದು ಕೇಳಿ. ಮಗು ಗೆದ್ದವನ ಹೆಸರನ್ನೇ ಹೇಳಬೇಕೆಂದೇನಿಲ್ಲ.