ಕಾಫಿಗೆ ಮೊದಲಿನ ಒಂದು ಗಂಟೆ

ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಹಾಸನದ ಕಡೆಯವಳಾದ ನನ್ನ ಲೆಕ್ಕದಲ್ಲಿ ಕಾಫಿ ಕುಡಿದರೂ ಹೊಟ್ಟೆ ಖಾಲಿಯೇ. ತಿಂಡಿ ತಿಂದರಷ್ಟೇ ತುಂಬುವುದು. ಹಾಗಾಗಿ ಪುಣೆಯ ನಮ್ಮ ಮನೆಯಲ್ಲಿ ಒಂಬತ್ತು ವರ್ಷ, ಬೆಳಗಿನ ಮೊದಲ ಕಾಫಿಯ ಜೊತೆಗೇ ಮಾತ್ರೆ ನುಂಗಿದೆ.

ರಕ್ತ ಪರೀಕ್ಷೆ ಮಾಡಿಸಿದಾಗಲೆಲ್ಲ ಟಿಎಸ್‌ಎಚ್ ಹೆಚ್ಚೇ ಇರುತ್ತಿತ್ತು. ಅಂದರೆ ಮೈಗೆ ಹಾರ್ಮೋನು ಸಾಲುತ್ತಿಲ್ಲ ಎಂದರ್ಥ. ಮಾತ್ರೆ 50 ಮೈಕ್ರೋಗ್ರಾಂನಿಂದ 75ಕ್ಕೆ, 100ಕ್ಕೆ, ಕೊನೆಗೆ 125ಕ್ಕೆ ಏರಿತು. "ತಪ್ಪದೆ ತಗೊಳ್ತೀರಾ?" ಎಂದು ಕೇಳುತ್ತಿದ್ದರು. "ಒಂದು ದಿನವೂ ತಪ್ಪಿಸಿಲ್ಲ" ಎನ್ನುತ್ತಿದ್ದೆ. ಅದು ನಿಜವೇ ಆಗಿತ್ತು.

ಕಳೆದ ಮಳೆಗಾಲದಲ್ಲಿ ಮುಂಬೈಯಿಂದ ಬಂದಿದ್ದ ನಾದಿನಿ ಇದನ್ನು ನೋಡಿದಳು. "ಅಯ್ಯೋ ಅತ್ತಿಗೆ, ಕಾಫಿ ಜೊತೆನಾ? ನೀರಲ್ಲಿ ನುಂಗಿ ಒಂದು ಗಂಟೆ ಬಿಡ್ಬೇಕು!" ಮರುದಿನದಿಂದಲೇ ಹಾಗೆ ಮಾಡಿದೆ. ಡಾಕ್ಟರಿಗೆ ತಿಳಿಸಬೇಕು ಅನ್ನಿಸಲಿಲ್ಲ. ತಪ್ಪು ತಿದ್ದಿಕೊಂಡದ್ದನ್ನು ಯಾರು ಹೇಳಲು ಹೋಗುತ್ತಾರೆ?

ಎರಡು ತಿಂಗಳಲ್ಲಿ ನಿದ್ದೆ ಹೋಯಿತು. ರಾತ್ರಿ ಎಡಮಗ್ಗುಲಿಗೆ ಮಲಗಿದರೆ ಎದೆ ಬಡಿತ ದಿಂಬಿನಲ್ಲಿ ಕೇಳಿಸುತ್ತಿತ್ತು. ಲೋಟಕ್ಕೆ ಹಾಲು ಸುರಿಯುವಾಗ ಕೈ ನಡುಗುತ್ತಿತ್ತು. ಬಿಪಿ ನೋಡಿದರೆ 152/88. ನನ್ನ ಅಪ್ಪನಿಗೆ ಬಿಪಿ ಏರಿಯೇ ಲಕ್ವ ಹೊಡೆದದ್ದು. ಆಗ ಅವರಿಗೆ ಐವತ್ತೊಂದು. ನನಗೆ ನಲವತ್ತೇಳು. ಮನೆಯಲ್ಲಿ ಯಾರಿಗೂ ಹೇಳದೆ ಉಪ್ಪಿನಕಾಯಿ ಬಿಟ್ಟೆ. ಆಮೇಲೆ ಈ ಮಾತ್ರೆಯೇ ಪೀಡೆ ಎಂದುಕೊಂಡು ಐದು ದಿನ ಅದನ್ನೂ ನಿಲ್ಲಿಸಿದೆ. ಏನೂ ಕಡಿಮೆಯಾಗಲಿಲ್ಲ. ಹೆದರಿಕೆ ಮಾತ್ರ ಹೆಚ್ಚಾಯಿತು.

ಕೊನೆಗೆ ಹೋದ ಡಾಕ್ಟರು ಟಿಎಸ್‌ಎಚ್ ಮಾಡಿಸಿದರು: 0.05. ಈ ಸಲ ಹಾರ್ಮೋನು ಮಿತಿಮೀರಿತ್ತು. ಅವರು ಕೇಳಿದ ಪ್ರಶ್ನೆಯೇ ಬೇರೆ: "ಬೆಳಿಗ್ಗೆ ಎದ್ದಾಗಿನಿಂದ ತಿಂಡಿವರೆಗೆ ಏನೇನು ಮಾಡ್ತೀರಿ, ಹೇಳಿ." ಹೇಳುತ್ತಾ ಹೋದಂತೆ ನನಗೇ ಅರ್ಥವಾಗತೊಡಗಿತು. ಕಾಫಿ ಈ ಔಷಧಿಯನ್ನು ಪೂರ್ತಿ ಮೈಗೆ ಹತ್ತಲು ಬಿಡುವುದಿಲ್ಲ. ಒಂಬತ್ತು ವರ್ಷ ಡೋಸ್ ಏರಿದ್ದು ನನ್ನ ಕಾಯಿಲೆಗಲ್ಲ, ನನ್ನ ಕಾಫಿಗೆ. ಕಾಫಿ ಪಕ್ಕಕ್ಕೆ ಸರಿದದ್ದೇ 125 ನಿಜವಾಗಿ 125 ಆಯಿತು. ಐದು ದಿನ ಬಿಟ್ಟರೂ ಇಳಿಯದಿದ್ದುದಕ್ಕೂ ಕಾರಣವಿತ್ತು: ಈ ಔಷಧಿ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಹಾಗೆಂದು ಪೂರ್ತಿ ನಿಲ್ಲಿಸಿದರೂ ಕಷ್ಟವೇ. ಹಾರ್ಮೋನು ಕಡಿಮೆಯಾದರೂ ಬಿಪಿ ಏರಬಹುದಂತೆ.

ಡೋಸ್ 75ಕ್ಕೆ ಇಳಿಸಿದರು. ಆರು ವಾರದ ನಂತರದ ಪರೀಕ್ಷೆಯಲ್ಲಿ ಟಿಎಸ್‌ಎಚ್ ಸರಿಯಿತ್ತು, ಬಿಪಿ 126/80. ಉಪ್ಪಿನಕಾಯಿ ಮಾತ್ರ ಮೊದಲಿನಷ್ಟು ಬಡಿಸಿಕೊಳ್ಳುವುದಿಲ್ಲ. ಅಪ್ಪನ ನೆನಪು ಹೋಗಿಲ್ಲ.

ಈಗ ಮಾತ್ರೆಗೂ ಕಾಫಿಗೂ ನಡುವಿನ ಆ ಒಂದು ಗಂಟೆಯಲ್ಲಿ ಹಾಸನಕ್ಕೆ ಫೋನ್ ಮಾಡುತ್ತೇನೆ. ಅಮ್ಮನದೂ ಅದೇ ಮಾತ್ರೆ. ಮೊನ್ನೆ ಕೇಳಿದೆ, "ಹೇಗೆ ತಗೊಳ್ತೀಯಮ್ಮ?"

"ಖಾಲಿ ಹೊಟ್ಟೇಲೇ ಕಣೇ. ಕಾಫಿ ಜೊತೆ."

"ಅಮ್ಮ, ನಾಳೆಯಿಂದಲೇ ಬದಲಾಯಿಸಬೇಡ" ಎಂದೆ. "ಮೊದಲು ಡಾಕ್ಟರಿಗೆ ಹೇಳು. ಕಾಫಿಯ ವಿಷಯವನ್ನೂ ಹೇಳು."