ಮೊದಲು ಗ್ಲೌಸ್ ಹಾಕ್ಕೊ, ಆಮೇಲೆ ಕೀಬೋರ್ಡು



ನಮ್ಮ ಹಾಡಿನ ತಂಡಕ್ಕೆ ಒಂದು ಕ್ಯಾಸಿಯೋ ಬಂತು. ಕಂಪನಿ ಯಾವುದೇ ಆಗಿರಲಿ, ನಮ್ಮ ಕಡೆ ಕೀಬೋರ್ಡಿಗೆ ಕ್ಯಾಸಿಯೋ ಅಂತಲೇ ಹೆಸರು. ಕುಣಿಗಲ್ಲಿನಲ್ಲಿ ಮದುವೆ ಆರ್ಕೆಸ್ಟ್ರಾ ನಡೆಸ್ತಿದ್ದವರೊಬ್ಬರು ಅಟ್ಟದ ಮೇಲೆ ಹಾಕಿ ಮರೆತುಬಿಟ್ಟಿದ್ದರು. ಎರಡೂವರೆ ಸಾವಿರಕ್ಕೆ ಕೊಟ್ಟರು. ಹಳೇ ಬೆಡ್‌ಶೀಟಲ್ಲಿ ಸುತ್ತಿ, ಬಸ್ಸಲ್ಲಿ ತೊಡೆ ಮೇಲಿಟ್ಕೊಂಡು ತುಮಕೂರಿಗೆ ತಂದೆ. ಭಾನುವಾರ ಗುಬ್ಬಿ ಕಡೆಯ ನಮ್ಮ ಕಾಲೋನಿಗೆ ಒಯ್ದೆ.

"ತಮಟೆ ಇರೋರಿಗೆ ಕೀಬೋರ್ಡ್ ಯಾಕಪ್ಪಾ" ಅಂತ ಒಬ್ಬರು ಕೇಳಿದರು. 1884ರಲ್ಲಿ ನಾಟಕ ಕಂಪನಿ ಹುಟ್ಟಿದ ಊರು ಗುಬ್ಬಿ. ಕಂಪನಿ ನಾಟಕ ಅಂದರೆ ಹಾರ್ಮೋನಿಯಂ ಇರಲೇಬೇಕು. ಆ ಪೆಟ್ಟಿಗೆಯ ಹಿಂದೆ ನಮ್ಮ ಕೇರಿಯವರು ಕೂತದ್ದನ್ನ ನಮ್ಮಜ್ಜ ಒಮ್ಮೆಯೂ ಕಂಡವರಲ್ಲ. ತಮಟೆ ನಮ್ಮದೇ, ಅದು ಎಲ್ಲೂ ಹೋಗಲ್ಲ. ಅದರ ಪಕ್ಕ ಇದೂ ಇರಲಿ ಅಂದೆ.

ಸಮುದಾಯ ಭವನದ ಜಗಲಿ ಮೇಲೆ ಬೆಡ್‌ಶೀಟ್ ಬಿಚ್ಚಿದರೆ ಇಲಿ ಹಿಕ್ಕೆ, ಜಿರಳೆ ಮೊಟ್ಟೆ, ಕೀಗಳ ಸಂದಿಯಲ್ಲಿ ಯಾವ್ಯಾವುದೋ ವರ್ಷದ ಆಯುಧಪೂಜೆಯ ಕುಂಕುಮ. ಬ್ಯಾಟರಿ ಗೂಡಿನಲ್ಲಿ ಬಿಳೀ ಪುಡಿ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಾಳೆ, ನುಡಿಸೋ ಆಸೆ ಎಲ್ಲರಿಗಿಂತ ಅವಳಿಗೇ ಜಾಸ್ತಿ. ಬಂದವಳೇ ಬರಿಗೈಯಲ್ಲಿ ಹಿಕ್ಕೆ ಬಾಚೋಕೆ ಶುರು ಮಾಡಿದಳು.

"ತಡಿ ಕಣವ್ವ, ಗ್ಲೌಸ್ ಹಾಕ್ಕೊ."

"ಇದಕ್ಕೂ ಗ್ಲೌಸಾ ಅಣ್ಣ? ನಮ್ಮಮ್ಮ ದಿನಾ ಬರಿಗೈಲೇ ಎತ್ತಲ್ವಾ?"

ಅವಳಮ್ಮ ಪೌರಕಾರ್ಮಿಕರು. ನನಗೆ ಮಾತು ನಿಂತುಹೋಯ್ತು. ವಾರದಿಂದ ಮೊಬೈಲಲ್ಲಿ ವಿಡಿಯೋ ನೋಡಿದ್ದೆ. ಕೀಬೋರ್ಡ್ ಹಾಳಾಗದ ಹಾಗೆ ತೊಳೆಯೋದು ಹೇಗೆ ಅಂತ ಎಲ್ಲರೂ ಹೇಳ್ತಾರೆ. ತೊಳೆಯೋರ ಕೈ ಹಾಳಾಗದ ಹಾಗೆ ಹೇಗೆ ಅಂತ ನಾನು ನೋಡಿದ ಒಂದರಲ್ಲೂ ಇರಲಿಲ್ಲ.

ಅದಕ್ಕೇ ನಾವು ಮಾಡಿದ ಕ್ರಮ ಬರೀತೀನಿ, ಯಾರಿಗಾದರೂ ಬೇಕಾಗುತ್ತೆ.

ಮೊದಲು ಗ್ಲೌಸು, ಮಾಸ್ಕು, ಗಾಳಿಯಾಡೋ ಜಾಗ. ಆಮೇಲೆ ಪ್ಲಗ್ ಕಿತ್ತು, ಬ್ಯಾಟರಿ ತೆಗೆಯೋದು. ಬ್ಯಾಟರಿ ಸೋರಿ ಕಟ್ಟಿದ ಬಿಳೀ ಪುಡಿ ಕ್ಷಾರ, ಚರ್ಮ ಸುಡುತ್ತೆ. ಕಿವಿಕಡ್ಡಿಗೆ ಒಂದೇ ತೊಟ್ಟು ವಿನೆಗರ್ ಮುಟ್ಟಿಸಿ ಒರೆಸಿ, ಒಣಬಟ್ಟೆಯಲ್ಲಿ ಮತ್ತೆ ಒರೆಸಿದ್ವಿ.

ಹಿಕ್ಕೆಯನ್ನ ಒಣಗಿರುವಾಗ ಗುಡಿಸಬಾರದು, ಧೂಳು ಎದ್ದು ಮೂಗಿಗೆ ಹೋಗುತ್ತೆ. ಇಲಿಯ ಉಚ್ಚೆಯಿಂದ ಇಲಿಜ್ವರ ಬರುತ್ತೆ, ಕೈಯಲ್ಲಿ ಸಣ್ಣ ಗಾಯ ಇದ್ದರೂ ಸಾಕು. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ, ಅದರಲ್ಲಿ ಅದ್ದಿ ಹಿಂಡಿದ ಕಾಗದ ಹೊದಿಸಿ, ಐದು ನಿಮಿಷ ಬಿಟ್ಟು ಎತ್ತಬೇಕು. ನೇರವಾಗಿ ಸುರಿಯೋದು, ಸ್ಪ್ರೇ ಮಾಡೋದು ಬೇಡ, ಒಳಗೆ ನೀರಿಳಿಯುತ್ತೆ. ಬ್ಲೀಚ್ ಮುಟ್ಟಿದ ಬಟ್ಟೆಗೆ ವಿನೆಗರ್ ಸೋಕಲೇಬಾರದು, ಎರಡೂ ಸೇರಿದರೆ ಕ್ಲೋರಿನ್ ಅನ್ನೋ ವಿಷಗಾಳಿ ಏಳುತ್ತೆ.

ಸಂದಿಯ ಧೂಳಿಗೆ ಒಣಗಿದ ಪೇಂಟ್ ಬ್ರಷ್. ಕೀಗಳಿಗೆ ಸೋಪುನೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆ. ಕುಂಕುಮದ ಕಲೆಗೆ ಮೆಡಿಕಲ್ ಶಾಪಿನ ಐಸೋಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ, ಅದೂ ಕಾಣದ ಮೂಲೆಯಲ್ಲಿ ಹಚ್ಚಿ ನೋಡಿದ ಮೇಲೆ, ಬೆಂಕಿಯಿಂದ ದೂರ. ಥಿನ್ನರ್, ಪೆಟ್ರೋಲ್ ಮಾತ್ರ ಬೇಡ, ಪ್ಲಾಸ್ಟಿಕ್ ಕರಗುತ್ತೆ. ಎರಡು ಕೀ ಮೂಕವಾಗಿದ್ವು. ಕೀಗಳ ಕೆಳಗೆ ರಬ್ಬರ್ ಪಟ್ಟಿ, ಅದರಲ್ಲಿ ಕಪ್ಪು ಕಾರ್ಬನ್ ಬೊಟ್ಟುಗಳಿರ್ತವೆ. ಅಲ್ಲಿ ಕೊಳೆ ಕೂತರೆ ಸ್ವರ ಬರಲ್ಲ. ಅದನ್ನ ತುಮಕೂರಿನ ರಿಪೇರಿಯವರ ಹತ್ತಿರ ಬಿಚ್ಚಿಸಿದ್ವಿ. ಪೂರ್ತಿ ಒಂದು ದಿನ ಒಣಗಿಸಿ, ಅಡಾಪ್ಟರಿನ ವೋಲ್ಟೇಜ್, ಪ್ಲಸ್ಸು ಮೈನಸ್ಸು ಹೊಂದುತ್ತಾ ನೋಡಿ, ಆಮೇಲೇ ಕರೆಂಟು.

ಭಾನುವಾರ ಅಲ್ಲಿ ನಾನು ವಿಷಗಾಳಿ ಅಂದ ತಕ್ಷಣ ಮಕ್ಕಳು ಕೈ ನಿಲ್ಲಿಸಿದ್ದರು. "ಮ್ಯಾನ್‌ಹೋಲಲ್ಲಿ ಬರೋದಾ ಅಣ್ಣ?" ಅಂತ ಒಬ್ಬ ಕೇಳಿದ. ಅದು ಬೇರೆ ಗಾಳಿ, ಆದರೆ ಹೋಗೋ ಜೀವ ನಮ್ಮದೇ. 2013ರ ಕಾಯ್ದೆ ಇದೆ, ರಕ್ಷಣಾ ಸಾಧನ ಇಲ್ಲದೆ ಯಾರನ್ನೂ ಗುಂಡಿಗೆ ಇಳಿಸುವಂತಿಲ್ಲ. ಸತ್ತವರ ಕುಟುಂಬಕ್ಕೆ 10 ಲಕ್ಷ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2023ರಲ್ಲಿ 30 ಲಕ್ಷ ಅಂದಿತು. ಹೆಣಕ್ಕೆ ಬೆಲೆ ಏರ್ತಾ ಇದೆ. ಗ್ಲೌಸ್ ಇನ್ನೂ ಬಂದಿಲ್ಲ.

ಈಗ ನನ್ನ ತಪ್ಪು ಹೇಳ್ಕೋಬೇಕು. ಹಿಂದೆ ನಾನಿದ್ದ ಒಂದು ಕಚೇರಿಯಲ್ಲಿ ಒಂದು ರಿಜಿಸ್ಟರ್ ಇತ್ತು. "ಕೈಗವಸು, ಗಂಬೂಟು ವಿತರಿಸಲಾಗಿದೆ" ಅಂತ ಬರೆದು ಸಹಿ, ಹೆಬ್ಬೆಟ್ಟು ತಗೊಳ್ಳೋದು. ಗೋಡೌನಲ್ಲಿ ಒಂದು ಜೊತೆಯೂ ಇರಲಿಲ್ಲ. "ಬರ್ಕೊಳ್ರೀ" ಅಂದರು ಸಾಹೇಬರು. ಬರ್ಕೊಂಡೆ. ಸಂಜೆ ಸಭೆಗೆ ಹೋಗಿ ಮಾನವ ಘನತೆ ಬಗ್ಗೆ ಭಾಷಣವನ್ನೂ ಮಾಡಿದೆ. ಆ ರಿಜಿಸ್ಟರಲ್ಲಿ ಇಂಥದೇ ತಾಯಂದಿರ ಹೆಬ್ಬೆಟ್ಟುಗಳಿವೆ, ಪಕ್ಕದಲ್ಲಿ ನನ್ನ ಅಕ್ಷರ.

ಮನೆಗೆ ಹೊರಡುವಾಗ ಹುಡುಗಿ ಕೇಳಿದಳು: "ಉಳಿದಿರೋ ಗ್ಲೌಸ್ ಅಮ್ಮಂಗೆ ತಗೊಂಡು ಹೋಗ್ಲಾ ಅಣ್ಣ?"

ಕೊಟ್ಟೆ. ಅವು ಮೆಡಿಕಲ್ ಶಾಪಿನ ತೆಳು ಗ್ಲೌಸು, ಎರಡು ದಿನವೂ ಬರಲ್ಲ. ಗಟ್ಟಿಯಾದವು ಆ ತಾಯಿಗೆ ಕೆಲಸದ ಜಾಗದಲ್ಲೇ ಸಿಗಬೇಕು, ಅದು ನನ್ನ ದಾನ ಆಗಬಾರದು.

ಈ ವಾರ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕ್ತಿದ್ದೀನಿ: ಗ್ಲೌಸ್, ಬೂಟು ಖರೀದಿಯ ಬಿಲ್ಲು, ಸ್ಟಾಕ್ ರಿಜಿಸ್ಟರ್, ವಿತರಣೆಯ ಸಹಿ ಪಟ್ಟಿ, ಮೂರೂ ಬೇಕು ಅಂತ. ಮೂರನ್ನೂ ಪಕ್ಕಪಕ್ಕ ಇಟ್ಟರೆ ಸುಳ್ಳು ತಾನೇ ಹೊರಗೆ ಬೀಳುತ್ತೆ. ಅದು ಗುಮಾಸ್ತನಿಗಲ್ಲದೆ ಇನ್ಯಾರಿಗೆ ಗೊತ್ತು? ಶುಲ್ಕ 10 ರೂಪಾಯಿ. ನಿಮ್ಮ ನಿಮ್ಮ ಊರಲ್ಲೂ ಹಾಕಿ, ಒಕ್ಕಣೆ ಬೇಕಾದರೆ ಕಾಮೆಂಟಲ್ಲಿ ಕೇಳಿ, ಬರೆದುಕೊಡ್ತೀನಿ.

ಕೀಬೋರ್ಡ್ ಈಗ ಚೆನ್ನಾಗಿದೆ. ಒಂದು ಕೀ ಇನ್ನೂ ಮೂಕ. ಹುಡುಗಿ ಅದನ್ನ ದಾಟಿ ನುಡಿಸೋದು ಕಲಿತಿದ್ದಾಳೆ. ಏಪ್ರಿಲ್ 14ಕ್ಕೆ ಬನ್ನಿ, ಕೇಳಿ.

ಜೈಭೀಮ್.